ಬುತ್ತಿ ಕಟ್ಟಿಕೊಂಡು ನಾಲ್ಕು ರಾಜಧಾನಿಗಳಿಗೆ

ದೀಪಾವಳಿಯ ಸೂಟಿ ಮುಗಿದು ಶಾಲೆ ತೆರೆದೊಡನೆ ಪ್ರವಾಸದ ಮಾತು ಹೊರಡುತ್ತದೆ. "ಯಾರು ಯಾರು ಬರುವವರು, ಕೈ ಎತ್ತಿರಿ" ಎಂದಾಗ ತರಗತಿಯ ಎಲ್ಲ ಕೈಗಳೂ ಮೇಲೇಳುತ್ತವೆ. ಮರುದಿನ ತಲೆಗೆ ಇಷ್ಟು ರೂಪಾಯಿ ಎಂದು ಹೇಳಿದ ಮೇಲೆ ಮತ್ತೊಮ್ಮೆ ಕೇಳಿದರೆ ಅರ್ಧದಷ್ಟು ಕೈಗಳು ಡೆಸ್ಕಿನ ಮೇಲೆಯೇ ಇರುತ್ತವೆ. ಅರಿಷಿಣ ಪೇಟೆಯಲ್ಲಿ ಮೂಟೆ ಹೊರುವವರ ಮಕ್ಕಳು, ಕಬ್ಬು ಕಡಿಯುವವರ ಮಕ್ಕಳು ನಮ್ಮಲ್ಲಿ ಓದುತ್ತಾರೆ. "ಮುಂದಿನ ವರ್ಷ ಬರ್ತೀನ್ರಿ ಸರ್" ಎಂದು ಹೇಳಿದ ಹುಡುಗನೊಬ್ಬ ಅದನ್ನೇ ಮೂರು ವರ್ಷ ಹೇಳಿ ಹತ್ತನೆಯ ಇಯತ್ತೆ ಮುಗಿಸಿ ಹೋದ. ಅಂದಿನಿಂದ, ಎಲ್ಲರೂ ಬರಬಹುದಾದ ಪ್ರವಾಸವೊಂದನ್ನು ಮಾಡಬೇಕೆಂಬ ಚಿಂತೆ ನಮ್ಮನ್ನು ಹತ್ತಿತು.

ಅದಕ್ಕೆ ದಾರಿ ಸಿಕ್ಕಿದ್ದು ಭೂಗೋಲದ ತಾಸಿನಲ್ಲಿ. ಯುರೋಪಿನ ನಕಾಶೆಯಲ್ಲಿ ಚುಕ್ಕೆಗಳಂತಿರುವ ದೇಶಗಳನ್ನು ಕಂಡು ಮಕ್ಕಳು ನಕ್ಕರು. ಮೊನಾಕೊ ಸುಮಾರು 2 ಚದರ ಕಿಲೋಮೀಟರ್. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಸಂಜೆಯೊಳಗೆ ನಡೆದೇ ದಾಟಬಹುದು. ಇಟಲಿಯ ಹೊಟ್ಟೆಯೊಳಗಿರುವ ಸಾನ್ ಮರಿನೊ 61, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಗಳ ನಡುವಿನ ಲಿಖ್ಟನ್‌ಸ್ಟೈನ್ 160 ಚದರ ಕಿಲೋಮೀಟರ್. ಲಕ್ಸೆಂಬರ್ಗಿನಲ್ಲಂತೂ 2020ರಿಂದ ಬಸ್ಸು, ಟ್ರಾಮು, ರೈಲು ಎಲ್ಲವೂ ಪುಕ್ಕಟೆ, ಪರದೇಶದವರಿಗೂ ಪುಕ್ಕಟೆ. ಅಲ್ಲಿಗೆ ತಲುಪುವ ವಿಮಾನದ ಖರ್ಚಿನ ಮಾತು ಬೇರೆ!

ಅಗ್ಗದ ಪ್ರವಾಸದ ಉಪಾಯವನ್ನು ಯುರೋಪಿಗೆ ಕಲಿಸಿದವರಲ್ಲಿ ಒಬ್ಬ ಶಾಲಾ ಮಾಸ್ತರನಿದ್ದನೆಂಬುದು ನಮಗೆ ಹೆಮ್ಮೆಯ ಸಂಗತಿ. ಜರ್ಮನಿಯ ರಿಚರ್ಡ್ ಶಿರ್‌ಮನ್ 1909ರಲ್ಲಿ ತನ್ನ ಮಕ್ಕಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ದಿದ್ದಾಗ ಭಾರಿ ಮಳೆ ಹಿಡಿಯಿತು. ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ಎಲ್ಲರೂ ರಾತ್ರಿ ಕಳೆದರು. ಸೂಟಿಯಲ್ಲಿ ಶಾಲೆಗಳು ಹೇಗೂ ಬರಿದಾಗಿರುತ್ತವೆ, ನಡೆದು ಬರುವ ಮಕ್ಕಳಿಗೆ ಅವೇ ವಸತಿಯಾಗಬಾರದೇಕೆ ಎಂದು ಆತನಿಗೆ ಹೊಳೆದದ್ದು ಆ ರಾತ್ರಿ. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಆತ ಯುವಜನರ ಕಾಯಂ ವಸತಿಗೃಹವನ್ನು ತೆರೆದ. ಇಂದು ಲೋಕದಲ್ಲೆಲ್ಲ ಇರುವ ಯೂತ್ ಹಾಸ್ಟೆಲುಗಳ ಮೂಲ ಅದು.

ಈ ಕಥೆ ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅಂಥಾ ಸಣ್ಣ ದೇಶ ನಮ್ಮ ಕಡೆ ಇಲ್ಲೇನ್ರಿ?" ಎಂದಳು. ಇದ್ದವು! ನಾವು ಕುಳಿತಿದ್ದ ಊರೇ ಅಂಥದೊಂದರ ರಾಜಧಾನಿಯಾಗಿತ್ತು.

ಪೇಶವೆಯರ ಕಾಲದಲ್ಲಿ ಪಟವರ್ಧನ ಮನೆತನದವರು ಸೈನ್ಯದಲ್ಲಿ ಹೆಸರು ಮಾಡಿ ಕೃಷ್ಣೆಯಿಂದ ತುಂಗಭದ್ರೆಯ ಕಡೆಯವರೆಗೆ ಜಹಗೀರುಗಳನ್ನು ಪಡೆದರು. ಮೊದಲು ಮಿರಜವೇ ದೊಡ್ಡ ಠಾಣೆ. ಒಕ್ಕಲ ಮನೆಗಳಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಂತೆ ಇವರು ರಾಜ್ಯವನ್ನು ಹಂಚಿಕೊಂಡರು. 1801ರ ಸುಮಾರಿಗೆ ಚಿಂತಾಮಣರಾವ್ ಅಪ್ಪಾಸಾಹೇಬರು ಚಿಕ್ಕಪ್ಪನೊಡನೆ ಮನಸ್ತಾಪವಾಗಿ, ಮನೆದೇವರಾದ ಗಣಪತಿಯನ್ನು ಎತ್ತಿಕೊಂಡು ಸಾಂಗಲಿಗೆ ಬಂದರೆಂದು ಹೇಳುತ್ತಾರೆ. ಮುಂದೆ ಮಿರಜವೂ ಒಡೆದು ಹಿರಿಯ ಮಿರಜ, ಕಿರಿಯ ಮಿರಜಗಳಾದವು. ಕಿರಿಯರ ರಾಜಧಾನಿ ಬುಧಗಾಂವ. ಕುರುಂದವಾಡ, ಜಮಖಂಡಿಗಳೂ ಇದೇ ಮನೆತನದ ಕವಲುಗಳು. 1948ರ ಮಾರ್ಚ್ 8ರಂದು ಇವೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು.

ಸಣ್ಣವು ಎಂದರೆ ಎಷ್ಟು ಸಣ್ಣವು? ಸಾಂಗಲಿ ಸಂಸ್ಥಾನ 1,100 ಚದರ ಮೈಲಿಗೂ ಮೇಲಿತ್ತು, ಅಂದರೆ ಲಕ್ಸೆಂಬರ್ಗಿಗಿಂತ ತುಸು ದೊಡ್ಡದು. ಬುಧಗಾಂವದವರ ರಾಜ್ಯ ಕೂಡ ಲಿಖ್ಟನ್‌ಸ್ಟೈನಿನ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಇವುಗಳ ನೆಲ ಒಂದೇ ಕಡೆ ಇರಲಿಲ್ಲ. ತೇರದಾಳ, ಬೆಳಗಾವಿಯ ಶಹಾಪುರ, ಮಂಗಳವೇಢೆ, ದೂರದ ಶಿರಹಟ್ಟಿ ಇವೆಲ್ಲ ಸಾಂಗಲಿಗೆ ಸೇರಿದ್ದವು. ಹರಿದ ಕೌದಿಯ ತುಂಡುಗಳಂತೆ ನಡುನಡುವೆ ಬೇರೆಯವರ ರಾಜ್ಯ. ಯುರೋಪಿನ ಬಾರ್ಲ ಎಂಬ ಊರಿನಲ್ಲಿ ಬೆಲ್ಜಿಯಮ್ಮಿನ ತುಂಡುಗಳು ಹಾಲೆಂಡಿನೊಳಗೆ ಹೀಗೆಯೇ ಚೆಲ್ಲಿಕೊಂಡಿದ್ದು, ಗಡಿಯ ಗೆರೆ ಮನೆಗಳ ನಡುವೆಯೇ ಹಾಯ್ದಿದೆ. ಅದನ್ನು ನೋಡಲು ಜನ ಹಣ ಕೊಟ್ಟು ಹೋಗುತ್ತಾರೆ.

ಕನ್ನಡದ ಮಾಸ್ತರರಾದ ನಮಗೆ ಇದರಲ್ಲಿ ಹೆಚ್ಚು ಸೋಜಿಗವೆನಿಸಿದ್ದು ಲಕ್ಷ್ಮೇಶ್ವರದ ಮಾತು. ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿದ್ದಾನೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ವಿಲೀನದವರೆಗೆ ಅದು ಹಿರಿಯ ಮಿರಜ ಸಂಸ್ಥಾನದ ಊರು! ಮಿರಜ ಕೂಡ ಕನ್ನಡ ಶಾಸನಗಳ ಮಿರಿಂಜೆ. ಮರಾಠಿ ಊರಿನಲ್ಲಿ ಕನ್ನಡ ಶಾಲೆ ಏಕಿದೆ ಎಂದು ಕೇಳುವವರಿಗೆ ಮಕ್ಕಳು ಇಷ್ಟನ್ನು ಹೇಳಿದರೆ ಸಾಕು.

ಪ್ರವಾಸವನ್ನು ಎರಡು ರವಿವಾರಗಳಿಗೆ ಹಂಚಿದೆವು. ವಸತಿಯ ಖರ್ಚೇ ಇಲ್ಲ. ಊಟಕ್ಕೆ ಮನೆಯ ರೊಟ್ಟಿ, ಶೇಂಗಾ ಚಟ್ನಿ. ಉಳಿದದ್ದು ಎಸ್.ಟಿ. ಬಸ್ಸಿನ ಚಾರ್ಜು. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಮಹಿಳೆಯರಿಗೆ ಅರ್ಧ ಚಾರ್ಜು, 2022ರ ಆಗಸ್ಟಿನಿಂದ 75 ದಾಟಿದವರಿಗೆ ಪುಕ್ಕಟೆ. ಹೀಗಾಗಿ ಹುಡುಗಿಯೊಬ್ಬಳ ಅಜ್ಜಿಯೂ ನಮ್ಮೊಡನೆ ಹೊರಟರು. ಈ ಸಲ ಡೆಸ್ಕಿನ ಮೇಲೆ ಉಳಿದ ಕೈ ಒಂದೂ ಇರಲಿಲ್ಲ.

ಸಾಂಗಲಿಯಲ್ಲಿ ಕೃಷ್ಣೆಯ ದಡದ ಗಣಪತಿ ಗುಡಿ ಎಲ್ಲರೂ ಕಂಡದ್ದೇ. ನಾವು ಹೆಚ್ಚು ಹೊತ್ತು ನಿಂತದ್ದು ಭಾವೆ ನಾಟ್ಯಗೃಹದ ಮುಂದೆ. 1842ರಲ್ಲಿ ಕರ್ನಾಟಕದ ಕರಾವಳಿಯ ಭಾಗವತ ಮೇಳವೊಂದು ಸಾಂಗಲಿಯ ಅರಸರೆದುರು ಆಟ ಆಡಿತು. ಮೆಚ್ಚಿದ ಅರಸರು, ಇಂಥದನ್ನೇ ಮರಾಠಿಯಲ್ಲಿ ಮಾಡೆಂದು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಅವರು ಆಡಿಸಿದ ಸೀತಾಸ್ವಯಂವರವೇ ಮರಾಠಿ ರಂಗಭೂಮಿಯ ಮೊದಲ ನಾಟಕವೆಂದು ಪ್ರಸಿದ್ಧವಾಗಿದೆ. ನೆರೆಹೊರೆಯವರು ಉಪ್ಪು ಹುಳಿ ಕೊಟ್ಟು ತೆಗೆದುಕೊಂಡಂತೆ ಕನ್ನಡ ಮರಾಠಿಗಳು ನಾಟಕವನ್ನೂ ಕೊಟ್ಟು ತೆಗೆದುಕೊಂಡಿವೆ.

ರಾಜವಾಡೆಯ ಬಾಗಿಲಲ್ಲಿ ಅಜ್ಜಿ ನಿಂತುಬಿಟ್ಟರು. ಅವರ ತವರು ಶಿರಹಟ್ಟಿ. "ನಮ್ಮಪ್ಪ ಹೊಲದ ತಂಟೆಕ್ಕ ಇಲ್ಲೀತನಾ ಬರ್ತಿದ್ನಂತಪಾ. ಬುತ್ತಿ ಕಟ್ಟಿ ಕಳಿಸಿ ಅವ್ವ ವಾರಗಟ್ಟಲೆ ದಾರಿ ನೋಡ್ತಿದ್ಳಂತ" ಎಂದರು. ನಾವು ಹತ್ತು ನಿಮಿಷ ವಿವರಿಸಿದ್ದಕ್ಕಿಂತ ಆ ಎರಡು ಮಾತು ಮಕ್ಕಳಿಗೆ ಸಂಸ್ಥಾನವೆಂದರೇನೆಂದು ತಿಳಿಸಿತು.

ಬುಧಗಾಂವದಲ್ಲಿ ಹೆಚ್ಚು ನಿಲ್ಲಲಿಲ್ಲ. "ಇದೂ ರಾಜಧಾನಿ ಏನ್ರಿ?" ಎಂದು ಒಬ್ಬ ಕೇಳಿದ, ಹೌದೆಂದೆವು.

ಮಿರಜದಲ್ಲಿ ಸಿತಾರು ಮಾಡುವವರ ಓಣಿಯನ್ನು ಹೊಕ್ಕೆವು. ಈ ಮನೆತನಗಳವರು ಮೂಲದಲ್ಲಿ ಶಿಕಲಗಾರರು, ಕತ್ತಿಗಳಿಗೆ ಸಾಣೆ ಹಿಡಿಯುವವರು. ಯುದ್ಧಗಳು ನಿಂತು ಕತ್ತಿಯ ಕೆಲಸ ಕಡಿಮೆಯಾದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ, ವಾದ್ಯಗಳಿಗೆ ಕೈಹಾಕಿದರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಬುರುಡೆಗಳನ್ನು ಒಣಗಿಸಿ, ಕೊರೆದು ತಂಬೂರಿಯ ಹೊಟ್ಟೆ ಮಾಡುತ್ತಾರೆ. 2024ರಲ್ಲಿ ಮಿರಜದ ಸಿತಾರು, ತಂಬೂರಿಗಳಿಗೆ ಜಿ.ಐ. ಮಾನ್ಯತೆ ದೊರೆಯಿತು. ಕುಶಲಕರ್ಮಿಯೊಬ್ಬರು ಅರ್ಧ ಮುಗಿದ ತಂಬೂರಿಯ ತಂತಿ ಮೀಟಿ ತೋರಿಸಿದಾಗ, ಎಂದೂ ಸುಮ್ಮನಿರದ ನಮ್ಮ ಎಂಟನೆಯ ಇಯತ್ತೆ ಸುಮ್ಮನಾಯಿತು. ಅದಕ್ಕೆ ಟಿಕೀಟು ಇರಲಿಲ್ಲ.

ಅಲ್ಲಿಂದ ಮೀರಾಸಾಹೇಬರ ದರ್ಗಾಕ್ಕೆ. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದು ಇಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಆ ಕುಂದಗೋಳವೂ ಜಮಖಂಡಿ ಸಂಸ್ಥಾನದ ಊರಾಗಿತ್ತು.

ಎರಡನೆಯ ರವಿವಾರ ಕುರುಂದವಾಡ. ಹತ್ತಿರದ ನರಸೋಬಾವಾಡಿಯಲ್ಲಿ ಕೃಷ್ಣಾ ಪಂಚಗಂಗೆಯರ ಸಂಗಮ. ದತ್ತನ ದರ್ಶನ ಮಾಡಿ, ದಡದಲ್ಲಿ ಬುತ್ತಿ ಬಿಚ್ಚಿದೆವು. ಮಧ್ಯಾಹ್ನ ಖಿದ್ರಾಪುರ ಸೇರಿದೆವು. ಅಲ್ಲಿನ ಕೊಪ್ಪೇಶ್ವರ ಗುಡಿಯ ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬಗಳು, ನಡುವೆ ಮಾಳಿಗೆ ಇಲ್ಲದೆ ದುಂಡಗೆ ತೆರೆದ ಆಕಾಶ. ಕೆಳಗಿನ ದುಂಡು ಕಲ್ಲಿನ ಮೇಲೆ ಮಕ್ಕಳು ಸರದಿಯಂತೆ ನಿಂತು ಮೇಲೆ ನೋಡಿದರು. ಶಿವಾಲಯವಾದರೂ ಎದುರಿಗೆ ನಂದಿಯಿಲ್ಲ. ಅದು ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿದೆಯೆಂದು ಜನ ಹೇಳುತ್ತಾರೆ. ಗುಡಿಯಲ್ಲಿ ಕನ್ನಡ ಶಾಸನಗಳೂ ಇವೆ. "ಯುರೋಪದಾಗ ಇದ್ದಂಗ ಸಣ್ಣ ದೇಶ" ಕೇಳಿದ ಅದೇ ಹುಡುಗಿ ಕಲ್ಲಿನ ಮೇಲೆ ಬೆರಳಾಡಿಸುತ್ತ ಒಂದು 'ರ', ಒಂದು 'ಗ' ಗುರುತು ಹಿಡಿದಳು. ಉಳಿದವರೂ ಗೋಡೆಗೆ ಮುತ್ತಿಕೊಂಡರು. ಹಳೆಗನ್ನಡದ ಪಾಠಕ್ಕೆ ಇಷ್ಟು ಗದ್ದಲವನ್ನು ನಾವು ಎಂದೂ ಕಂಡಿರಲಿಲ್ಲ.

ಮನೆಯವರೊಡನೆ ಹೋಗಬಯಸುವ ಪಾಲಕರಿಗೆ ಒಂದು ಸೂಚನೆ. ಖಿದ್ರಾಪುರಕ್ಕೆ ಬಸ್ಸುಗಳು ಕಡಿಮೆ. ಕುರುಂದವಾಡದ ಸ್ಟ್ಯಾಂಡಿನಲ್ಲಿಯೇ ಮರಳುವ ಬಸ್ಸಿನ ವೇಳೆಯನ್ನು ಕೇಳಿಕೊಳ್ಳಬೇಕು. ಶಾಸನದ ಗದ್ದಲದಲ್ಲಿ ನಾವು ಅದನ್ನು ಮರೆತು, ಕಬ್ಬಿನ ಹೊಲಗಳ ನಡುವೆ ಎರಡು ಹರದಾರಿ ನಡೆದೆವು. ಅಜ್ಜಿಯೇ ಎಲ್ಲರಿಗಿಂತ ಮುಂದಿದ್ದರು.