ಎಂಜಿನ್ ಬದಲಾದ ಬ್ರೌಸರ್

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಹೊರನೋಟಕ್ಕೆ ಒಂದೇ ವಸ್ತುವಿನಂತೆ ಕಾಣುವುದು. ವಾಸ್ತವವಾಗಿ ಅದರಲ್ಲಿ ಎರಡು ಭಾಗಗಳುಂಟು. ಒಳಗಿನದು ಎಂಜಿನ್, ಪುಟದ ಸಂಕೇತಗಳನ್ನು ಓದಿ, ಅಕ್ಷರವೆಲ್ಲಿ, ಚಿತ್ರವೆಲ್ಲಿ, ಬಣ್ಣವಾವುದು ಎಂಬುದನ್ನು ಲೆಕ್ಕಹಾಕಿ ತೆರೆಯ ಮೇಲೆ ಮೂಡಿಸುವುದು ಅದರ ಕೆಲಸ. ಹೊರಗಿನದು ಕವಚ, ಗುಂಡಿಗಳು, ಟ್ಯಾಬುಗಳು, ಬುಕ್‌ಮಾರ್ಕುಗಳ ಪಟ್ಟಿ ಇವೆಲ್ಲವೂ ಇದಕ್ಕೆ ಸೇರಿದುವು. ನಮ್ಮ ಬೆರಳುಗಳಿಗೆ ಪರಿಚಯವಿರುವುದು ಕವಚ ಮಾತ್ರ. ಹಾಗಿದ್ದಲ್ಲಿ, ಎಂಜಿನ್ ಬದಲಾದಾಗ ಕವಚದ ಸೌಕರ್ಯಗಳೇಕೆ ಮಾಯವಾಗಬೇಕು? ನಾರ್ವೆ ದೇಶದಲ್ಲಿ ಹುಟ್ಟಿದ ಒಪೆರಾ ಬ್ರೌಸರಿನ ಇತಿಹಾಸದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ.

2003ರಲ್ಲಿ ಬಂದ 7ನೆಯ ಆವೃತ್ತಿಯಿಂದ ಒಪೆರಾ ತನ್ನದೇ ಆದ ಪ್ರೆಸ್ಟೋ ಎಂಬ ಎಂಜಿನ್ನನ್ನು ಬಳಸುತ್ತಿದ್ದಿತು. ಮುಂದೆ ಅದರಲ್ಲಿ ಟ್ಯಾಬುಗಳನ್ನು ಒಂದರ ಮೇಲೊಂದು ಪೇರಿಸಿಡಬಹುದಾಯಿತು. ಇಷ್ಟಬಂದ ಕೀಲಿಗೆ ಇಷ್ಟಬಂದ ಕಾರ್ಯವನ್ನು ವಹಿಸಬಹುದಾಗಿತ್ತು. ಇ-ಮೇಲ್ ಓದುವ ವ್ಯವಸ್ಥೆಯೂ ಅದರೊಳಗೇ ಇದ್ದಿತು. ಆದರೆ ಪುಟಗಳನ್ನು ರಚಿಸುವವರಲ್ಲಿ ಅನೇಕರು ಹೆಚ್ಚು ಜನ ಬಳಸುವ ಬ್ರೌಸರುಗಳಲ್ಲಿ ಮಾತ್ರ ಅವನ್ನು ಪರೀಕ್ಷಿಸುತ್ತಿದ್ದರು. ಆದಕಾರಣ ಪ್ರೆಸ್ಟೋ ನಿಯಮದಂತೆ ನಡೆದಾಗಲೂ ಕೆಲವು ಪುಟಗಳು ಕೆಟ್ಟುಹೋಗಿ ಕಾಣುತ್ತಿದ್ದುವು. ದೋಷ ಪುಟದ್ದು, ದೂರು ಬ್ರೌಸರಿನ ಮೇಲೆ!

2013ರ ಫೆಬ್ರವರಿಯಲ್ಲಿ ಸಂಸ್ಥೆಯು ಪ್ರೆಸ್ಟೋವನ್ನು ಬಿಟ್ಟು, ಗೂಗಲ್‌ನ ಕ್ರೋಮ್ ಬ್ರೌಸರಿಗೂ ಆಧಾರವಾದ ಕ್ರೋಮಿಯಂ ತಳಹದಿಗೆ ಹೋಗುವುದಾಗಿ ಸಾರಿತು. ಜುಲೈನಲ್ಲಿ 15ನೆಯ ಆವೃತ್ತಿ ಹೊರಬಂದಿತು. ಟ್ಯಾಬುಗಳ ಪೇರಿಕೆ ಅದರಲ್ಲಿರಲಿಲ್ಲ, ಕೀಲಿಗಳ ಸ್ವಾತಂತ್ರ್ಯವಿರಲಿಲ್ಲ, ಇ-ಮೇಲ್ ಬೇರೆಯೇ ತಂತ್ರಾಂಶವಾಗಿತ್ತು. ವರ್ಷಗಟ್ಟಲೆ ಕೂಡಿಟ್ಟ ಬುಕ್‌ಮಾರ್ಕುಗಳಿಗೂ ಸ್ಥಳವಿರಲಿಲ್ಲ. ಇದು ಅತಿಯಾಯಿತೆಂದೇ ನಮ್ಮ ಅಭಿಪ್ರಾಯ.

ಕಾರಣವಿಷ್ಟೆ: ಹಳೆಯ ಕವಚವು ಪ್ರೆಸ್ಟೋದೊಡನೆ ಹೆಣೆದುಕೊಂಡೇ ಬೆಳೆದಿದ್ದಿತು. ಒಂದು ಸೀರೆಯಲ್ಲಿ ನೇಯ್ದ ಅಂಚನ್ನು ಬಿಡಿಸಿ ಮತ್ತೊಂದಕ್ಕೆ ಕೂಡಿಸಲಾದೀತೆ? ಹೊಸದಾಗಿಯೇ ನೇಯಬೇಕು. ಬರೆದು ಮುಗಿಸಿದರೂ ಸಾಲದು. ಆ ಕಾಲದಲ್ಲಿ ಕ್ರೋಮ್ ಸುಮಾರು ಆರು ವಾರಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುತ್ತಿತ್ತು. ತಳಹದಿ ಬದಲಾದಾಗಲೆಲ್ಲ ಪ್ರತಿಯೊಂದು ಸೌಕರ್ಯವನ್ನೂ ಮತ್ತೆ ಪರೀಕ್ಷಿಸಬೇಕು.

ಬುಕ್‌ಮಾರ್ಕುಗಳು 2014ರಲ್ಲಿ ಮರಳಿದುವು. ಒಪೆರಾದ ಸ್ಥಾಪಕರಲ್ಲೊಬ್ಬರಾದ ಯಾನ್ ಫಾನ್ ಟೆಟ್‌ಸ್ನರ್ ಅವರು, ಅದೇ ಕ್ರೋಮಿಯಂ ತಳಹದಿಯ ಮೇಲೆ ವಿವಾಲ್ದಿ ಎಂಬ ಬ್ರೌಸರನ್ನು ಕಟ್ಟಿಸಿ 2016ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಟ್ಯಾಬುಗಳ ಪೇರಿಕೆ ಅದರಲ್ಲಿ ಮತ್ತೆ ಕಾಣಿಸಿಕೊಂಡಿತು; 2022ರಲ್ಲಿ ಇ-ಮೇಲೂ ಸೇರಿತು. ಹೊಸ ಎಂಜಿನ್ ಈ ಸೌಕರ್ಯಗಳಿಗೆ ಅಡ್ಡಿಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಹಳೆಯ ಆವೃತ್ತಿಯಲ್ಲಿಯೇ ಉಳಿದುಬಿಡೋಣವೆಂದು ಕೆಲವರು ಹೇಳುವುದುಂಟು. ಇದು ಅಪಾಯಕರ. ದುರಸ್ತಿ ನಿಂತ ಬ್ರೌಸರಿನಲ್ಲಿ ಮುಂದೆ ಪತ್ತೆಯಾಗುವ ರಂಧ್ರಗಳನ್ನು ಮುಚ್ಚುವವರಿಲ್ಲ; ಅವುಗಳ ಮೂಲಕ ಪಾಸ್‌ವರ್ಡುಗಳೇ ಕಳುವಾಗಬಹುದು. ಬ್ರೌಸರನ್ನು ಬದಲಿಸುವ ಮುನ್ನ ವಾಚಕರು ತಮ್ಮ ಬುಕ್‌ಮಾರ್ಕುಗಳನ್ನು ಎಚ್‌ಟಿಎಂಎಲ್ ಕಡತವಾಗಿ ಉಳಿಸಿಕೊಳ್ಳಲಿ. ಪ್ರಮುಖ ಬ್ರೌಸರುಗಳೆಲ್ಲ ಅದನ್ನು ಓದಬಲ್ಲುವು. ಆ ಕಡತದ ಮೂಲಪಾಠವನ್ನು ತೆರೆದರೆ ಮೊದಲ ಸಾಲಿನಲ್ಲಿ ನೆಟ್‌ಸ್ಕೇಪ್ ಎಂಬ ಹೆಸರು ಕಾಣುವುದು. ಅದು 2008ರಲ್ಲಿಯೇ ಬೆಂಬಲ ನಿಂತುಹೋದ ಬ್ರೌಸರಿನ ಹೆಸರು.