ಹಗ್ಗ ಮುಗಿದಿತ್ತು, ಬೆಟ್ಟ ಮುಗಿದಿರಲಿಲ್ಲ

ಗಾಜು ಬಿರುಕುಬಿಟ್ಟ ಮೊಬೈಲಿನಲ್ಲಿದ್ದ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಅವರು ನನ್ನ ಮುಂದೆ ಹಿಡಿದರು. “ಈ ಬಣ್ಣದ ಚುಕ್ಕೆಗಳಿವೆಯಲ್ಲ ದೀದಿ, ಅವೆಲ್ಲ ಜನ. ಹಗ್ಗ ಇಲ್ಲಿಗೆ ಮುಗಿಯುತ್ತಿತ್ತು. ನಾನು ಮೂರು ಸಲ ಇಲ್ಲೇ ನಿಂತು, ಜೊತೆಗೆ ಬಂದವರಿಗೆ ‘ಮುಟ್ಟಿದೆವು’ ಅಂದಿದ್ದೇನೆ.” ಬೆರಳು ಹಿಮದ ಏಣಿನ ಮೇಲೆ ಇನ್ನೊಂದಿಷ್ಟು ಆಚೆಗೆ ಸರಿಯಿತು. “ಬೆಟ್ಟ ಮುಗಿಯುವುದು ಇಲ್ಲಿ.”

ನೇಪಾಳದ ಸಾಮಾಗಾಂವ್‌ನ ಒಂದು ಲಾಡ್ಜಿನ ಅಡುಗೆಮನೆ ಅದು. ಸೆಪ್ಟೆಂಬರಿನ ಮಳೆ ಇನ್ನೂ ಹಿಂದೆ ಸರಿದಿರಲಿಲ್ಲ. ಬುಢಿ ಗಂಡಕಿ ನದಿಯ ಪಕ್ಕದಲ್ಲೇ ದಿನಗಟ್ಟಲೆ ನಡೆದು ಸುಮಾರು 3,500 ಮೀಟರ್ ಎತ್ತರದ ಈ ಊರಿಗೆ ನಾನು ಬಂದದ್ದು ಮನಾಸ್ಲುವನ್ನು ಕೆಳಗಿನಿಂದ ನೋಡಲು ಮಾತ್ರ. ಹಗಲೆಲ್ಲ ಮೋಡ ಮುಚ್ಚಿತ್ತು. ಸಂಜೆ ಒಲೆಯ ಪಕ್ಕ ಸಿಕ್ಕ ಈ ಗೈಡ್ ಹರಕು ಹಿಂದಿಯಲ್ಲಿ, ನನ್ನದೂ ಅಂಥದ್ದೇ ಹಿಂದಿ, ಆ ಬೆಟ್ಟವನ್ನು ನನಗೆ ತೋರಿಸಿದರು. ಊರಿಗೆ ಮರಳಿ ಇಷ್ಟು ದಿನವಾದರೂ ಆ ಚಿತ್ರ ಕಣ್ಣಿಂದ ಹೋಗಿಲ್ಲ.

ಅದು 2021ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಜಾಕ್ಸನ್ ಗ್ರೋವ್ಸ್ ಡ್ರೋನ್ ಹಾರಿಸಿ ತೆಗೆದ ಚಿತ್ರ. 8,163 ಮೀಟರ್ ಎತ್ತರದ ಮನಾಸ್ಲು ಜಗತ್ತಿನ ಎಂಟನೆಯ ಅತಿ ಎತ್ತರದ ಶಿಖರ. ಅದರ ನೆತ್ತಿ ಒಂದೇ ಗೋಪುರವಲ್ಲ. ಸಾಲಾಗಿ ಎದ್ದುನಿಂತ ಹಿಮದ ಕೋಡುಗಳ ಒಂದು ಏಣು. ಒಂದು ಕೋಡಿನ ಮೇಲೆ ನಿಂತರೆ ಮುಂದಿನದು ಕಂಡೂ ಕಾಣದಂತಿರುತ್ತದೆ. ವರ್ಷಗಳಿಂದ ಶರತ್ಕಾಲದ ತಂಡಗಳಲ್ಲಿ ಹೆಚ್ಚಿನವು ಕೊನೆಯ ಕೋಡಿಗೆ ಮೊದಲೇ ನಿಂತು, ಬಾವುಟ ಬಿಡಿಸಿ, ಫೋಟೊ ತೆಗೆಸಿಕೊಂಡು ಇಳಿಯುತ್ತಿದ್ದವು. ಮುಂದಿನ ಏಣು ಕತ್ತಿಯ ಅಲಗಿನಂತೆ ಚೂಪು. ಗಾಳಿ ಪೇರಿಸಿದ ಹಿಮ ಕಾಲ ಕೆಳಗೆ ಕುಸಿದರೆ ಕಥೆ ಮುಗಿದಂತೆ. ಚಿತ್ರ ತೆಗೆದ ಆ ದಿನ ಶೆರ್ಪಾ ನಾಯಕ ಮಿಂಗ್ಮಾ ಜಿ ತಮ್ಮ ತಂಡವನ್ನು ಏಣಿನ ಮೇಲೆ ಕರೆದೊಯ್ಯಲಿಲ್ಲ. ತುಸು ಕೆಳಗಿಳಿದು, ಇಳಿಜಾರನ್ನು ಅಡ್ಡಕ್ಕೆ ದಾಟಿ, ಮತ್ತೆ ಮೇಲೇರಿ ನಿಜವಾದ ತುದಿಗೆ ಮುಟ್ಟಿಸಿದರು. ಒಂದು ಗುಂಪು ಮುಂಚಿನ ಕೋಡಿನಲ್ಲಿ ನಿಂತಿದೆ, ಇನ್ನೊಂದು ಅದನ್ನು ಬಳಸಿಕೊಂಡು ಮುಂದೆ ಹೋಗುತ್ತಿದೆ. ಎರಡೂ ಒಂದೇ ಚಿತ್ರದಲ್ಲಿವೆ. ಅದಾದ ಮೇಲೆ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಗಿರಿಗದ್ದೆ, ಕಲ್ಲುಮಂಟಪ ದಾಟಿ, ಬಿಸಿಲಲ್ಲಿ ಬೆಂದು ಶೇಷ ಪರ್ವತಕ್ಕೆ ಬಂದಾಗ ಬಂದೆವು ಅನ್ನಿಸುತ್ತದೆ. ಕುಮಾರ ಪರ್ವತ ಇರುವುದು ಅದರಾಚೆ. ಶೋಲಾ ಕಾಡಿಗೆ ಇಳಿದು, ಬಂಡೆ ಹಿಡಿದು ಮತ್ತೆ ಹತ್ತಬೇಕು. ಶೇಷ ಪರ್ವತದಿಂದಲೇ ಮರಳಿದವರು ಎಷ್ಟೋ ಜನ. ಅಲ್ಲಿ ಸೋತದ್ದು ಕಾಲು ಮಾತ್ರ, ಕುಳಿತು ನೀರು ಕುಡಿದರೆ ಮತ್ತೆ ಹೊರಡಬಹುದು. ಎಂಟು ಸಾವಿರ ಮೀಟರಿನ ಮೇಲೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಗೈಡ್‌ಗಳೊಂದಿಗೆ ಹತ್ತುವ ತಂಡ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ಹೇಳಬೇಕು. ಪರ್ಮಿಟ್ಟು, ಡೇರೆ, ಅಡುಗೆ, ಆಕ್ಸಿಜನ್ ಸಿಲಿಂಡರು ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತದೆ. ಬೇಸ್ ಕ್ಯಾಂಪಿನಲ್ಲಿ ಲಾಮಾ ಪೂಜೆ ಮಾಡದೆ ಶೆರ್ಪಾಗಳು ಹೆಜ್ಜೆ ಎತ್ತುವುದಿಲ್ಲ. ಆಮೇಲೆ ದೇಹ ಎತ್ತರಕ್ಕೆ ಒಗ್ಗಲಿ ಎಂದು ಹತ್ತಿ ಇಳಿದು, ಮತ್ತೆ ಹತ್ತುವ ವಾರಗಳು. ಅಷ್ಟರಲ್ಲಿ ಶೆರ್ಪಾಗಳ ಒಂದು ಪಡೆ ಮುಂದೆ ಹೋಗಿ ಹಿಮಕ್ಕೆ ಗೂಟ ಬಡಿದು ಹಗ್ಗ ಕಟ್ಟುತ್ತದೆ. ಉಳಿದವರು ಸೊಂಟದ ಪಟ್ಟಿಯಿಂದ ಆ ಹಗ್ಗಕ್ಕೆ ಜೂಮಾರ್ ಎಂಬ ಹಿಡಿಕೆ ಸಿಕ್ಕಿಸಿಕೊಂಡು ಮೇಲೇರುತ್ತಾರೆ. ಕಣ್ಣೆದುರು ಹಗ್ಗ, ಮುಂದಿನವರ ಬೂಟು, ಮುಖಕ್ಕೆ ಮಾಸ್ಕು. ಹಗ್ಗ ಮುಗಿದಲ್ಲಿ ಬೆಟ್ಟ ಮುಗಿಯಿತೆಂದು ನಂಬಿದವರನ್ನು ಸುಳ್ಳುಗಾರರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಗ್ಗ ಕಟ್ಟಿದ ಕೈಗಳನ್ನೂ ದೂರಲಾರೆ. ಆ ಏಣಿನಿಂದ ಮರಳಿ ಬಾರದ ಜೀವಕ್ಕೆ ಮೊದಲು ಹೊಣೆಯಾಗುವುದು ಅವರೇ. ಆದರೂ ತುದಿ ತುದಿಯೇ. ಈ ಮಾತಿನಲ್ಲಿ ನಾನು ರಾಜಿಯಾಗುವವಳಲ್ಲ.

1956ರ ಮೇ 9ರಂದು ಮನಾಸ್ಲುವನ್ನು ಮೊದಲು ಹತ್ತಿದ ಜಪಾನಿನ ತೋಶಿಯೊ ಇಮಾನಿಷಿ ಮತ್ತು ಶೆರ್ಪಾ ಗ್ಯಾಲ್ಜೆನ್ ನೊರ್ಬು ನಿಂತದ್ದು ಆ ಕೊನೆಯ ಕೋಡಿನಲ್ಲೇ. ಗ್ಯಾಲ್ಜೆನ್ ಹಿಂದಿನ ವರ್ಷವಷ್ಟೇ ಮಕಾಲು ಹತ್ತಿದ್ದರು. ಎಂಟು ಸಾವಿರ ಮೀಟರ್ ಮೀರಿದ ಎರಡು ಶಿಖರಗಳನ್ನು ಮುಟ್ಟಿದ ಮೊದಲ ಮನುಷ್ಯ ಅವರು. ಜಪಾನ್ ಈ ಸಾಹಸಕ್ಕೆ ಅಂಚೆಚೀಟಿ ತಂದಿತು. ಸಾಮಾಗಾಂವ್ ಮಾತ್ರ ಅಷ್ಟು ಸುಲಭವಾಗಿ ಒಲಿದಿರಲಿಲ್ಲ. 1953ರಲ್ಲಿ ಜಪಾನಿಯರು ಹತ್ತಲು ನೋಡಿದ್ದರಿಂದಲೇ ದೇವರು ಮುನಿದು ಹಿಮ ಕುಸಿದು, ಮಠ ನೆಲಸಮವಾಗಿ 18 ಜನ ಸತ್ತರೆಂದು ನಂಬಿದ ಊರವರು 1954ರ ತಂಡವನ್ನು ದಾರಿಯಲ್ಲೇ ತಡೆದು ಕಳುಹಿಸಿದರು. 1974ರಲ್ಲಿ ಜಪಾನಿನ ಮಹಿಳೆಯರು ಇದನ್ನು ಹತ್ತಿದರು. ಅಷ್ಟು ಎತ್ತರದ ಶಿಖರವನ್ನು ಹೆಂಗಸರು ಮುಟ್ಟಿದ್ದು ಅದೇ ಮೊದಲು. 2012ರ ಸೆಪ್ಟೆಂಬರಿನಲ್ಲಿ ಬೆಳಗಿನ ಜಾವದ ಹಿಮಕುಸಿತ ಡೇರೆಗಳಲ್ಲಿ ಮಲಗಿದ್ದವರ ಮೇಲೆ ಬಿದ್ದು 11 ಜನ ತೀರಿಕೊಂಡರು. ಅಂಥ ಬೆಟ್ಟವಿದು.

ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂದು ಬರೆದಿಡುವವರು ಯಾರು? ಇಲ್ಲಿ ನನಗೆ ಬಹಳ ಇಷ್ಟದ ಒಬ್ಬರು ಬರುತ್ತಾರೆ, ಎಲಿಜಬೆತ್ ಹಾಲಿ. ಅಮೆರಿಕದ ಈ ಪತ್ರಕರ್ತೆ 1960ರಲ್ಲಿ ಕಠ್ಮಂಡುವಿಗೆ ಬಂದು ಅಲ್ಲೇ ನೆಲೆಸಿದರು. ಒಂದು ಬೆಟ್ಟವನ್ನೂ ಹತ್ತಿದವರಲ್ಲ. ಆದರೆ ತಂಡವೊಂದು ಕಠ್ಮಂಡುವಿಗೆ ಬಂದಿಳಿದರೆ ಸಾಕು, ಅವರ ನೀಲಿ ಫೋಕ್ಸ್‌ವ್ಯಾಗನ್ ಬೀಟಲ್ ಆ ಹೋಟೆಲಿನ ಮುಂದೆ ನಿಲ್ಲುತ್ತಿತ್ತು. ಹೋಗುವಾಗೊಮ್ಮೆ ಪ್ರಶ್ನೆ, ಬಂದಮೇಲೆ ಇನ್ನೊಮ್ಮೆ ಪ್ರಶ್ನೆ. ಯಾವ ದಾರಿ, ಎಷ್ಟು ಕ್ಯಾಂಪು, ತುದಿಯಲ್ಲಿ ಯಾರಿದ್ದರು. ದೊಡ್ಡ ದೊಡ್ಡ ಪರ್ವತಾರೋಹಿಗಳು ಆ ಪ್ರಶ್ನೆಗಳಿಗೆ ಅಳುಕುತ್ತಿದ್ದರು. ನೇಪಾಳ ಸರ್ಕಾರ ಪ್ರಮಾಣಪತ್ರ ಕೊಡುತ್ತದೆ, ನಿಜ. ಬೆಟ್ಟ ಹತ್ತುವವರು ನಂಬಿದ್ದು ಮಾತ್ರ ಹಾಲಿಯ ಕಡತಗಳನ್ನು. ಹಿಮಾಲಯನ್ ಡೇಟಾಬೇಸ್ ಎಂಬ ದಾಖಲೆ ಬೆಳೆದದ್ದು ಆ ಕಡತಗಳಿಂದ. 2018ರ ಜನವರಿಯಲ್ಲಿ 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗ್ರೋವ್ಸ್ ತೆಗೆದ ಚಿತ್ರವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ಚಿತ್ರ ಬಂದಮೇಲೆ ಆ ಡೇಟಾಬೇಸಿನವರು ಒಂದು ತೀರ್ಮಾನಕ್ಕೆ ಬಂದರು. 2022ರಿಂದ, ಚಿತ್ರದಲ್ಲಿ ಕಾಣುವ ಅತಿ ಎತ್ತರದ ಜಾಗಕ್ಕೆ ಹೋದವರಿಗೆ ಮಾತ್ರ ಮನಾಸ್ಲು ಹತ್ತಿದ ಲೆಕ್ಕ. ಹಳೆಯ ದಾಖಲೆಗಳನ್ನು ಕೆದಕಲಿಲ್ಲ. ನ್ಯಾಯವಾದ ತೀರ್ಮಾನ. ಅಂದಿನವರು ಅಂದಿನ ತಿಳಿವಳಿಕೆಯಲ್ಲಿ ಹತ್ತಿದ್ದರು.

ತುದಿಗೆ ಮೊದಲೇ ನಿಲ್ಲುವುದೆಲ್ಲ ತಪ್ಪು ಎನ್ನಲೂ ಆಗದು. 1955ರಲ್ಲಿ ಕಾಂಚನಜುಂಗಾ ಹತ್ತಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಕೆಲವೇ ಅಡಿ ಕೆಳಗೆ ತಾವಾಗಿಯೇ ನಿಂತರು. ಸಿಕ್ಕಿಂನವರಿಗೆ ಆ ಬೆಟ್ಟ ದೇವರು, ನೆತ್ತಿಯನ್ನು ತುಳಿಯುವುದಿಲ್ಲವೆಂದು ಮಾತು ಕೊಟ್ಟಿದ್ದರು. ತುದಿ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಒಲೆಯ ಪಕ್ಕ ನಾನು ಇದನ್ನು ಹೇಳಿದಾಗ ಗೈಡ್ ದಾಯ್, ನೇಪಾಳಿಯಲ್ಲಿ ದಾಯ್ ಅಂದರೆ ಅಣ್ಣ, ತಲೆದೂಗಿ ತಮ್ಮದೊಂದು ಸಂಗತಿ ಹೇಳಿದರು. ಮೊದಲೊಮ್ಮೆ ಅವರೊಂದಿಗೆ ಬಂದು, ಮುಂಚಿನ ಕೋಡಿನಲ್ಲಿ ನಿಂತು, ಪ್ರಮಾಣಪತ್ರ ಪಡೆದು ಮನೆಗೆ ಹೋಗಿದ್ದ ಹೆಂಗಸೊಬ್ಬರು ಚಿತ್ರ ನೋಡಿದ ಮೇಲೆ ಹಣ ಕೂಡಿಸಿಕೊಂಡು ಮತ್ತೆ ಬಂದರಂತೆ. “ನೀವೇ ಕರೆದುಕೊಂಡು ಹೋಗಬೇಕು ಅಂದರು ದೀದಿ. ಮೊದಲು ಇದೇ ತುದಿ ಅಂದವನು ನಾನೇ ಅಲ್ಲವೇ?” ಅಡ್ಡದಾರಿ ದಾಟುವಾಗ ಇಬ್ಬರೂ ಮಾತಾಡಲಿಲ್ಲ. ಕೊನೆಯ ಕೋಡಿನಲ್ಲಿ ಇಬ್ಬರಿಗೆ ಜಾಗ ಸಾಲದು. ಆಕೆ ಹತ್ತಿ, ಕೈಯಿಟ್ಟು, ಇಳಿದರು. ಆಮೇಲೆ ಇವರು ಹತ್ತಿದರು.

ಮರುದಿನ ಬೆಳಗ್ಗೆ ಮೋಡ ಸರಿದು ಬೆಟ್ಟ ಕಂಡಿತು. ಕಣ್ಣು ಮೊದಲು ಹೋಗುವುದು ಪೂರ್ವದ ಚೂಪು ಕೊಂಬಿನ ಕಡೆಗೆ. ಅದರ ಎತ್ತರ 7,992 ಮೀಟರ್. ಮನಾಸ್ಲುವಿನ ತುದಿ ಅದಲ್ಲ. ಅಂಗಳದಲ್ಲಿ ಬೇಸ್ ಕ್ಯಾಂಪಿಗೆ ಹೊರಟ ಸಾಮಾನು ಕಟ್ಟುತ್ತಿದ್ದರು. ನೀಲಿ ಡ್ರಮ್ಮುಗಳು, ಗ್ಯಾಸ್ ಸಿಲಿಂಡರು, ಎಲೆಕೋಸಿನ ಚೀಲ. ದಾಯ್ ಬಿಳಿ ಹಗ್ಗದ ಸುತ್ತುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದರು. ಈ ಸಲ ಸಾಕಾಗುತ್ತದೆಯೇ ಎಂದು ಕೇಳಿದೆ.

“ಎರಡು ಸುತ್ತು ಹೆಚ್ಚಿಗೇ ಇದೆ,” ಎಂದು ಚೀಲದ ಬಾಯಿ ಕಟ್ಟಿದರು.