ಭಾನುವಾರ ಮಧ್ಯಾಹ್ನದ ಕರ್ನಲ್

ಅಮೆರಿಕದ ಓರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಸಮೀಪದ ಒಂದು ಮನೆಯಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಇಮೇಲ್ ಹೊರಡುತ್ತದೆ. ಲಿನಕ್ಸ್ ಕರ್ನಲ್‌ನ ಹೊಸ ಪರೀಕ್ಷಾ ಆವೃತ್ತಿ ಸಿದ್ಧವಾಗಿದೆ, ಓಡಿಸಿ ನೋಡಿ ಎಂಬುದು ಅದರ ಸಾರ. ಆಗ ಬೆಂಗಳೂರಿನಲ್ಲಿ ಸೋಮವಾರದ ಬೆಳಗಿನ ಜಾವ. ಇಲ್ಲಿನ ಚಿಪ್ ಕಂಪನಿಗಳಲ್ಲಿ ಕರ್ನಲ್ ಕೆಲಸ ಮಾಡುವ ಎಂಜಿನಿಯರುಗಳು ಕಾಫಿ ಮುಗಿಸಿ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಅದು ಬಂದು ಕೂತಿರುತ್ತದೆ. ಕಳಿಸಿದವರು ಲಿನಸ್ ಟೊರ್ವಾಲ್ಡ್ಸ್.

ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ಆ್ಯಪ್‌ಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಮೆಮೊರಿ, ಯಾರ ಸರದಿ ಯಾವಾಗ ಎಂದು ತೀರ್ಮಾನಿಸುವ ತಂತ್ರಾಂಶವೇ ಕರ್ನಲ್. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರೊಳಗೆ ಇರುವುದೂ ಲಿನಕ್ಸ್ ಕರ್ನಲ್ಲೇ. ಟೊರ್ವಾಲ್ಡ್ಸ್ ಇದನ್ನು ಲೋಕಕ್ಕೆ ತಿಳಿಸಿದ್ದು 1991ರ ಆಗಸ್ಟ್ 25ರಂದು. ಆಗ ಅವರಿಗೆ 21 ವರ್ಷ, ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಇಷ್ಟು ದೊಡ್ಡ ಕೆಲಸ ನಡೆಯುವ ಜಾಗ ಹೇಗಿರಬಹುದು? 2016ರ ಟೆಡ್ ವೇದಿಕೆಯಲ್ಲಿ ಅವರು ತಮ್ಮ ಕೋಣೆಯ ಚಿತ್ರ ತೋರಿಸಿದ್ದರು. ತಿಳಿಹಸಿರು ಗೋಡೆ, ಒಂದು ಮೇಜು, ನಡೆಯುತ್ತಲೇ ಕೆಲಸ ಮಾಡಲು ಮೇಜಿನಡಿ ಟ್ರೆಡ್‌ಮಿಲ್, ಅಷ್ಟೇ. ಕಣ್ಣು ಸೆಳೆಯುವಂಥದ್ದು ಏನೂ ಇರಬಾರದು, ಕಂಪ್ಯೂಟರಿನ ಫ್ಯಾನ್ ಸದ್ದೂ ಕೇಳಿಸಬಾರದು ಎನ್ನುವುದು ಅವರ ಪಟ್ಟು.

ಆ ಕೋಣೆಯಲ್ಲಿ ಕೂತು ಅವರು ದಿನವಿಡೀ ಪ್ರೋಗ್ರಾಂ ಬರೆಯುತ್ತಾರೆ ಎಂದುಕೊಂಡರೆ ತಪ್ಪು. ಅವರ ದಿನದ ಬಹುಪಾಲು ಇಮೇಲ್ ಓದುವುದರಲ್ಲೇ ಕಳೆಯುತ್ತದೆ. ಸುಮಾರು ಒಂಬತ್ತು-ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ. ಮೊದಲ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುವ ಕಾಲ. ಉಪವಿಭಾಗಗಳ ಉಸ್ತುವಾರಿಗಳು ಕಳಿಸಿದ್ದನ್ನೆಲ್ಲ ಅವರು ನೋಡಿ, ಬೇಕಾದ್ದನ್ನು ಒಪ್ಪುತ್ತಾರೆ, ಬೇಡದ್ದನ್ನು ಹಿಂದಿರುಗಿಸುತ್ತಾರೆ. ಆಮೇಲೆ ವಾರಕ್ಕೊಂದು ಪರೀಕ್ಷಾ ಆವೃತ್ತಿ, ಬರೀ ದೋಷ ತಿದ್ದುಪಡಿ. ಒಂದು ಆವೃತ್ತಿಯಲ್ಲಿ ಸಾಮಾನ್ಯವಾಗಿ 12,000ಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಎಂದರೆ ಬರೆಯುವುದನ್ನು ಕಲಿಸುತ್ತಾರೆ. ಇನ್ನೊಬ್ಬರು ಬರೆದದ್ದನ್ನು ತಾಳ್ಮೆಯಿಂದ ಓದಿ, ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಹೇಳುವುದನ್ನು ಕಲಿಸುವುದು ಕಡಿಮೆ. ಈ ಕಸುಬಿನ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲೇ ಇದೆ ಎಂಬುದು ನನ್ನ ದೃಢ ನಂಬಿಕೆ.

ಓದುವಾಗ ಅವರು ಹುಡುಕುವುದು ಏನನ್ನು? ಅದೇ ವೇದಿಕೆಯಲ್ಲಿ ಒಂದು ಪುಟ್ಟ ಉದಾಹರಣೆ ಕೊಟ್ಟಿದ್ದರು. ಅದನ್ನು ನಮ್ಮೂರಿನ ರೀತಿಯಲ್ಲಿ ಹೇಳುವುದಾದರೆ, ರೇಷನ್ ಅಂಗಡಿ ಮುಂದಿನ ಸಾಲನ್ನು ಊಹಿಸಿಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಹಿಂದಿರುವವರ ಕಡೆ ಬೆರಳು ತೋರಿಸುತ್ತಿದ್ದಾರೆ. ಸಾಲು ಎಲ್ಲಿಂದ ಶುರು ಎಂದು ಅಂಗಡಿಯವನೂ ಒಬ್ಬರತ್ತ ಬೆರಳು ತೋರಿಸುತ್ತಿದ್ದಾನೆ. ನಡುವಿನ ಒಬ್ಬರನ್ನು ತೆಗೆಯಬೇಕಾದರೆ ಅವರ ಮುಂದಿನವರ ಬೆರಳನ್ನು ಹಿಂದಿನವರತ್ತ ತಿರುಗಿಸಿದರೆ ಸಾಕು. ಮೊದಲನೆಯವರನ್ನೇ ತೆಗೆಯಬೇಕಾದರೆ? ಅವರ ಮುಂದೆ ಯಾರೂ ಇಲ್ಲವಲ್ಲ ಎಂದು ಹೊಸಬರು ಅದಕ್ಕೊಂದು ಬೇರೆ ನಿಯಮ ಬರೆಯುತ್ತಾರೆ. ನುರಿತವರು ಜನರನ್ನು ಬಿಟ್ಟು ಬೆರಳನ್ನೇ ನೋಡುತ್ತಾರೆ. ಮೊದಲನೆಯವರತ್ತಲೂ ಒಂದು ಬೆರಳು ಇದ್ದೇ ಇದೆ, ಅಂಗಡಿಯವನದು. ಹಾಗೆ ನೋಡಿದ ಕೂಡಲೇ ವಿಶೇಷ ನಿಯಮ ಬೇಕಾಗುವುದೇ ಇಲ್ಲ, ಕೋಡ್ ಮೂರು ನಾಲ್ಕು ಸಾಲಿಗೆ ಇಳಿಯುತ್ತದೆ. ಇದನ್ನೇ ಟೊರ್ವಾಲ್ಡ್ಸ್ ಒಳ್ಳೆಯ ಅಭಿರುಚಿ ಎನ್ನುವುದು. ಉದಾಹರಣೆ ಚಿಕ್ಕದು, ಆದರೆ ಸಾವಿರಾರು ಜನರ ಕೋಡ್‌ನಲ್ಲಿ ಈ ಗುಣ ಇದೆಯೋ ಇಲ್ಲವೋ ಎಂಬುದರ ಮೇಲೆ ಕರ್ನಲ್‌ನ ಆಯುಸ್ಸು ನಿಂತಿದೆ.

ಅವರ ಸಲಕರಣೆಗಳು ತೀರ ಕಡಿಮೆ. ಪಠ್ಯ ತಿದ್ದಲು ಮೈಕ್ರೊ ಈಮ್ಯಾಕ್ಸ್ ಎಂಬ ಹಳೆಯ ಎಡಿಟರ್. ಬೆರಳಿಗೆ ರೂಢಿಯಾದದ್ದನ್ನು ಬಿಡಲಾರದೆ ಅದರ ಒಂದು ಪ್ರತಿಯನ್ನು ತಾವೇ ದುರಸ್ತಿ ಮಾಡಿಕೊಂಡು ಬಳಸುತ್ತಾರೆ. ಇನ್ನೊಂದು ಗಿಟ್. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

ಯಾರು, ಯಾವಾಗ, ಏನನ್ನು ಬದಲಿಸಿದರು ಎಂದು ದಾಖಲಿಸಲು ಕರ್ನಲ್ ಬಳಗ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ನೆಚ್ಚಿಕೊಂಡಿತ್ತು. 2005ರಲ್ಲಿ ಅದರ ಉಚಿತ ಬಳಕೆ ನಿಂತುಹೋಯಿತು. ಟೊರ್ವಾಲ್ಡ್ಸ್ ಕರ್ನಲ್ ಕೆಲಸ ಬದಿಗಿಟ್ಟು ಏಪ್ರಿಲ್ 3ರಂದು ಹೊಸದೊಂದನ್ನು ಬರೆಯಲು ಕೂತರು. ಏಪ್ರಿಲ್ 7ರ ಹೊತ್ತಿಗೆ ಗಿಟ್‌ನ ಕೋಡ್ ಗಿಟ್‌ನೊಳಗೇ ಇತ್ತು. ಒಂದು ಬದಲಾವಣೆ ಸೇರಿಸಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅವರು ಹಾಕಿಕೊಂಡ ಷರತ್ತುಗಳಲ್ಲಿ ಒಂದು.

ಗಿಟ್‌ನಲ್ಲಿ ಪ್ರತಿ ಬದಲಾವಣೆಗೂ ಅಂಕಿ-ಅಕ್ಷರ ಬೆರೆತ 40 ಚಿಹ್ನೆಗಳ ಒಂದು ಗುರುತು ಸಿಗುತ್ತದೆ. ಅದನ್ನು ಯಾರೂ ಕೊಡುವುದಿಲ್ಲ. ಕಡತಗಳಲ್ಲಿರುವುದು, ಬರೆದವರ ಹೆಸರು, ಸಮಯ, ಹಿಂದಿನ ಬದಲಾವಣೆಯ ಗುರುತು ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ ತಾನಾಗಿ ಹುಟ್ಟುತ್ತದೆ. ಹಳೆಯ ಕಡತದಲ್ಲಿ ಯಾರಾದರೂ ಒಂದು ಅಲ್ಪವಿರಾಮ ಬದಲಿಸಿದರೂ ಆ ಗುರುತು ಬದಲಾಗುತ್ತದೆ, ಅಲ್ಲಿಂದ ಈಚಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಕದ್ದುಮುಚ್ಚಿ ಚರಿತ್ರೆ ತಿದ್ದಲು ಆಗುವುದೇ ಇಲ್ಲ. ಒಬ್ಬರನ್ನೊಬ್ಬರು ಕಂಡೇ ಇರದ ಸಾವಿರಾರು ಜನ ಒಟ್ಟಿಗೆ ದುಡಿಯುವುದು ಸಾಧ್ಯವಾಗಿರುವುದಕ್ಕೆ ಇದೂ ಒಂದು ಕಾರಣ. ಇಂದು ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ದಿನ ಆರಂಭವಾಗುವುದು ಗಿಟ್‌ನಿಂದಲೇ.

ಮನೆಯ ಮಾತಿಗೆ ಬಂದರೆ, ಈ ಬದುಕಿನಲ್ಲಿ ಕುಟುಂಬ ಕೆಲಸದಿಂದ ದೂರ ನಿಂತಿದ್ದೇ ಇಲ್ಲ. ಮೊದಲ ಕಂಪ್ಯೂಟರ್, ಕಮೊಡೋರ್ ವಿಕ್-20, ತಾಯಿಯ ತಂದೆಯದು. ಹೆಲ್ಸಿಂಕಿಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲಿಯೊ ಟೋರ್ನ್‌ಕ್ವಿಸ್ಟ್ ಕಾಗದದ ಮೇಲೆ ಪ್ರೋಗ್ರಾಂ ಬರೆದುಕೊಟ್ಟು ಮೊಮ್ಮಗನ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದರು. 1993ರಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಟೊರ್ವಾಲ್ಡ್ಸ್ ವಿದ್ಯಾರ್ಥಿಗಳಿಗೆ ಕೊಟ್ಟ ಅಭ್ಯಾಸ, ನನಗೊಂದು ಇಮೇಲ್ ಕಳಿಸಿ ಎಂದು. ಎಲ್ಲರೂ ಏನೋ ಎರಡು ಸಾಲು ಬರೆದರು. ತೊವೆ ಎಂಬಾಕೆ ಮಾತ್ರ, ಹೊರಗೆ ಭೇಟಿಯಾಗೋಣವೇ ಎಂದು ಕೇಳಿದರು. ಮುಂದೆ ಅವರೇ ಮಡದಿಯಾದರು. ಆಕೆ ಆರು ಬಾರಿ ಫಿನ್ಲೆಂಡಿನ ಕರಾಟೆ ಚಾಂಪಿಯನ್.

ಮೂವರು ಹೆಣ್ಣುಮಕ್ಕಳು. ಅವರ ಗುರುತು ಕರ್ನಲ್‌ನೊಳಗೇ ಇದೆ. ಕಂಪ್ಯೂಟರ್ ಮರುಚಾಲನೆಗೊಳ್ಳಬೇಕಾದರೆ ಕರ್ನಲ್‌ಗೆ ಎರಡು ನಿಗದಿತ ಸಂಖ್ಯೆಗಳನ್ನು ಒಪ್ಪಿಸಬೇಕು. ಯಾವುದೋ ದೋಷದಿಂದ ಬಂದ ಅಡ್ಡಾದಿಡ್ಡಿ ಕರೆಗೆ ಯಂತ್ರ ಆರಿಹೋಗದಿರಲಿ ಎಂಬ ಎಚ್ಚರಿಕೆ ಇದು. ಎರಡನೆಯ ಸಂಖ್ಯೆಯಾಗಿ ನಾಲ್ಕರಲ್ಲಿ ಯಾವುದನ್ನು ಕೊಟ್ಟರೂ ನಡೆಯುತ್ತದೆ. ಹೆಚ್ಚಾಗಿ ಬಳಕೆಯಾಗುವುದು 672274793. ನೋಡಲು ಅರ್ಥವಿಲ್ಲದ ಸಂಖ್ಯೆ. ಕಂಪ್ಯೂಟರಿನವರು ಬಳಸುವ ಹದಿನಾರರ ಲೆಕ್ಕದಲ್ಲಿ ಅದನ್ನೇ ಬರೆದರೆ 28121969 ಆಗುತ್ತದೆ: 1969ರ ಡಿಸೆಂಬರ್ 28, ಟೊರ್ವಾಲ್ಡ್ಸ್ ಹುಟ್ಟಿದ ದಿನ. ಉಳಿದ ಮೂರೂ ಹೀಗೆಯೇ, ಮೂವರು ಮಕ್ಕಳ ಜನ್ಮದಿನಗಳು. ಕರ್ನಲ್‌ನ ಕೋಟಿಗಟ್ಟಲೆ ಸಾಲುಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಈ ನಾಲ್ಕು.

ಕೆಲಸ ಮನೆಯಲ್ಲೇ ಆದ್ದರಿಂದ ಮನೆಯ ಕಷ್ಟವೂ ಕೆಲಸಕ್ಕೆ ತಟ್ಟುತ್ತದೆ. 2024ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡಿಗೆ ಹಿಮಬಿರುಗಾಳಿ ಬಡಿದು ದಿನಗಟ್ಟಲೆ ಕರೆಂಟು ಹೋಯಿತು. 6.8ನೇ ಆವೃತ್ತಿಗೆ ಕೋಡ್ ಸೇರಿಸಿಕೊಳ್ಳುವ ವಾರವೇ ಅದು. ಜಗತ್ತಿನಾದ್ಯಂತ ಉಸ್ತುವಾರಿಗಳು ಕಾದರು. ಆದರೂ ಜನವರಿ 21ರ ಭಾನುವಾರ ಪರೀಕ್ಷಾ ಆವೃತ್ತಿ ಹೊರಬಂತು.

ಬಿಡುವಿನಲ್ಲಿ ಅವರಿಗೆ ಸ್ಕೂಬಾ ಡೈವಿಂಗ್ ಹುಚ್ಚು. ಎಷ್ಟು ಆಳಕ್ಕೆ, ಎಷ್ಟು ಹೊತ್ತು ಇಳಿದೆವು ಎಂದು ಬರೆದಿಡಲು ಮನಸ್ಸಿಗೊಪ್ಪುವ ತಂತ್ರಾಂಶ ಸಿಗದೆ 2011ರಲ್ಲಿ ಸಬ್‌ಸರ್ಫೇಸ್ ಎಂಬುದನ್ನು ತಾವೇ ಬರೆದರು. ಮರುವರ್ಷ ಅದನ್ನು ಗೆಳೆಯ ಡಿರ್ಕ್ ಹೊಂಡೆಲ್ ಕೈಗೆ ಒಪ್ಪಿಸಿದರು. ಗಿಟ್ ಅಂತೂ ಹುಟ್ಟಿದ ನಾಲ್ಕೇ ತಿಂಗಳಿಗೆ, 2005ರ ಜುಲೈ 26ರಂದು ಜುನಿಯೊ ಹಮಾನೊ ಅವರ ಪಾಲಾಯಿತು. ಹಮಾನೊ ಎರಡು ದಶಕಗಳಿಂದ ಅದನ್ನು ನೋಡಿಕೊಂಡಿದ್ದಾರೆ. ತನಗಿಂತ ಚೆನ್ನಾಗಿ ಸಾಕುವವರು ಸಿಕ್ಕರೆ ಕೊಟ್ಟುಬಿಡುವುದು ಟೊರ್ವಾಲ್ಡ್ಸ್ ಪದ್ಧತಿ. ಕರ್ನಲ್ ಒಂದನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ.